ಯೇವಲಾದಲ್ಲಿ ಸಗಟು ಖರೀದಿ, ಕರ್ನಾಟಕಕ್ಕೆ ಮಾರಾಟ: ನೋಂದಣಿಯ ಪಾಠಗಳು

ಮಹಾರಾಷ್ಟ್ರದ ನಿಫಾಡ್ ತಾಲೂಕಿನ ಓಝರ್‌ನಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಯಿದೆ. ಹಾಗಾಗಿ ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡದ ಮನೆಗಳು ಇಲ್ಲಿ ಹೊಸದಲ್ಲ. ನಿಫಾಡ್ ದಾಟಿ ಛತ್ರಪತಿ ಸಂಭಾಜಿನಗರದ ದಾರಿ ಹಿಡಿದರೆ ಪೈಠಣಿ ಸೀರೆ ನೇಯುವ ಯೇವಲಾ ಸಿಗುತ್ತದೆ. ಅಲ್ಲಿಯ ಮಗ್ಗಗಳಿಗೆ ಬೆಂಗಳೂರಿನಿಂದ ರೇಷ್ಮೆ ನೂಲು, ಸೂರತ್‌ನಿಂದ ಜರಿ ಬರುತ್ತದೆ. ನೇಯ್ದ ಸೀರೆ ನಮ್ಮ ಕಡೆಯ ಮದುವೆಮನೆಗಳಿಗೂ ಹೋಗುತ್ತದೆ. ಆ ಸೀರೆಗಳನ್ನು ಸಗಟಾಗಿ ಕೊಂಡು ಆನ್‌ಲೈನ್‌ನಲ್ಲಿ ಮಾರುವವಳು ನಾನು. ಇದೇ ಕೆಲಸಕ್ಕೆ ಇಳಿಯಬೇಕೆನ್ನುವವರು ಕೇಳಿದಾಗ ಹೇಳುವ ಮಾತುಗಳು ಇವು.

1. ಸರಕು ಎಲ್ಲಿ ಸಿಗುತ್ತದೆ ಎನ್ನುವುದಕ್ಕಿಂತ ಮೊದಲು, ಗಿರಾಕಿ ಯಾವ ರಾಜ್ಯದವರು ಎಂದು ನೋಡಿ. ‘ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಡ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ರಾಜ್ಯದೊಳಗೇ ಸರಕು ಮಾರುವವರಿಗೆ ಸಲ್ಲುವ ಮಾತು. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ತಾಣಗಳ ಮೂಲಕ ಮಾರುವ ಸಣ್ಣ ವ್ಯಾಪಾರಿಗಳಿಗೂ ರಿಯಾಯಿತಿ ಸಿಕ್ಕಿತು, ಅದೂ ರಾಜ್ಯದ ಗಡಿಯೊಳಗೆ ಮಾತ್ರ. ನಮ್ಮಂಥ ಹೊರನಾಡ ಕನ್ನಡಿಗರಿಗೆ ಗಿರಾಕಿಗಳೆಂದರೆ ಹುಬ್ಬಳ್ಳಿಯ ಅತ್ತಿಗೆ, ಮೈಸೂರಿನ ಗೆಳತಿ, ಅವರ ನೆಂಟರು. ಓಝರ್‌ನಿಂದ ಹುಬ್ಬಳ್ಳಿಗೆ ಕೊರಿಯರ್ ಮಾಡಿದ ಮೊದಲ ಸೀರೆಯೇ ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು. ವಾಟ್ಸಾಪ್‌ನಲ್ಲಿ ಮಾರಿದರೂ ಅಷ್ಟೇ. ಕೆಲವು ಕರಕುಶಲ ವಸ್ತುಗಳಿಗೆ ಪ್ರತ್ಯೇಕ ವಿನಾಯಿತಿ ಇದೆ. ನಿಮ್ಮ ಸರಕು ಆ ಪಟ್ಟಿಯಲ್ಲಿದೆಯೇ ಎಂದು ಸಿಎ ಬಳಿ ಕೇಳಿಕೊಳ್ಳಿ, ಊಹೆಯ ಮೇಲೆ ನಡೆಯಬೇಡಿ.

2. ಸಗಟು ಸೀರೆ ಕೊಳ್ಳಲು ಬೇರೆ ಪರವಾನಗಿ ಎಂಬುದಿಲ್ಲ. ಬೆಂಗಳೂರಿನಲ್ಲಿ 2003ರಲ್ಲಿ ಮೆಟ್ರೋ ಕಂಪನಿಯ ಸಗಟು ಮಳಿಗೆ ತೆರೆದಾಗ ಒಳಹೋಗಲು ವ್ಯಾಪಾರದ ಕಾರ್ಡ್ ಬೇಕಿತ್ತು. ವಿದೇಶಿ ಬಂಡವಾಳದ ಸಗಟು ಮಳಿಗೆಗಳು ನೋಂದಾಯಿತ ವ್ಯಾಪಾರಿಗಳಿಗೇ ಮಾರಬೇಕೆಂಬ ನಿಯಮ ಅದಕ್ಕೆ ಕಾರಣ. ಯೇವಲಾದ ಗದ್ದಿಯಲ್ಲಿ, ಅಂದರೆ ಸಗಟು ವ್ಯಾಪಾರಿಯ ಅಂಗಡಿಯಲ್ಲಿ, ಹಾಗೇನೂ ಇಲ್ಲ. ಆದರೆ ಲಾಸಲಗಾಂವ್‌ನ ಈರುಳ್ಳಿ ಹರಾಜಿನಲ್ಲಿ ಕೂಗಬೇಕಾದರೆ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಬೇಕೇ ಬೇಕು.

3. ‘ತಾಈ, ಜಿಎಸ್‌ಟಿ ನಂಬರ್ ಆಹೇ ಕಾ?’ (ಅಕ್ಕಾ, ಜಿಎಸ್‌ಟಿ ನಂಬರ್ ಇದೆಯೇ?) ಎಂದು ಗದ್ದಿಯಲ್ಲಿ ಕೇಳುತ್ತಾರೆ. ನಿಮ್ಮ ಲಾಭ ಇರುವುದೇ ಆ ಪ್ರಶ್ನೆಯ ಉತ್ತರದಲ್ಲಿ. 10,000 ರೂಪಾಯಿಯ ಸೀರೆಗೆ ಶೇ. 5ರಂತೆ 500 ತೆರಿಗೆ ಸೇರುತ್ತದೆ ಅನ್ನಿ. ನಂಬರ್ ಇಲ್ಲದವರಿಗೆ ಆ 500 ಖರ್ಚು. ನಂಬರ್ ಕೊಟ್ಟು ಪಕ್ಕಾ ಬಿಲ್ ಮಾಡಿಸಿಕೊಂಡವರಿಗೆ ಅದು ಜಮೆ. ಅದೇ ಸೀರೆಯನ್ನು 12,000ಕ್ಕೆ, ಮೇಲೆ 600 ತೆರಿಗೆ ಹಾಕಿ ಮಾರಿದರೆ ಸರ್ಕಾರಕ್ಕೆ ಕಟ್ಟಬೇಕಾದದ್ದು ಉಳಿದ 100 ಮಾತ್ರ.

ನೋಂದಣಿ ಇಲ್ಲದ ನೇಕಾರನ ಮನೆಯಲ್ಲೇ ಕೊಂಡರೆ ಬಿಲ್ಲಿನಲ್ಲಿ ತೆರಿಗೆ ಇರುವುದಿಲ್ಲ, ಜಮೆಯೂ ಇಲ್ಲ. ಅಂದರೆ ಅವನ 10,000ವೂ ಗದ್ದಿಯ 10,500ವೂ ನಮಗೆ ಒಂದೇ ದರ. ಇದು ತಿಳಿಯದೆ ನೇಕಾರನ ಜೊತೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾನಂತೂ ನೇಕಾರನಿಂದಲೇ ಕೊಳ್ಳಲು ಇಷ್ಟಪಡುತ್ತೇನೆ. ಖರೀದಿ ಚೀಟಿ ನಾನೇ ಬರೆದು ಅವನ ಸಹಿ ಪಡೆಯುತ್ತೇನೆ, ಹಣ ಬ್ಯಾಂಕಿನ ಮೂಲಕವೇ ಕೊಡುತ್ತೇನೆ.

ಪಕ್ಕಾ ಬಿಲ್ ಕೈಗೆ ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿದರೆ ಮಾತ್ರ ಅದು ನಿಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತದೆ, ಆಗ ಮಾತ್ರ ಜಮೆ. ಪ್ರತಿ ತಿಂಗಳು 14ರ ನಂತರ ತೆರೆದು ಬಿಲ್ಲಿಗೆ ಬಿಲ್ಲು ತಾಳೆ ನೋಡಿ. ಕಾಣದಿದ್ದರೆ ಅಂದೇ ಗದ್ದಿಗೆ ಫೋನ್ ಮಾಡಿ.

4. ನೋಂದಣಿಗೆ ಬೇಕಾದ ವಿಳಾಸದ ಕಾಗದ ಮೊದಲು ಸರಿಮಾಡಿಕೊಳ್ಳಿ. ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆಯೋ ಆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಕಂಪನಿಯ ಕ್ವಾರ್ಟರ್ಸ್‌ನಲ್ಲಿರುವವರಿಗೆ ಮಾಲೀಕರೆಂದರೆ ಕಂಪನಿಯೇ. ಲಿಖಿತ ಅನುಮತಿ ಇಲ್ಲದೆ ಆ ವಿಳಾಸ ಕೊಡಬೇಡಿ. ಮನೆಯವರು ಸಾರ್ವಜನಿಕ ಉದ್ಯಮದ ನೌಕರರಾದರೆ, ಕುಟುಂಬದವರ ವ್ಯಾಪಾರವನ್ನು ಕಂಪನಿಗೆ ತಿಳಿಸಬೇಕೆಂದು ಅವರ ನಡತೆ ನಿಯಮ ಹೇಳುತ್ತದೆ. ಇದನ್ನು ಯಾವ ಏಜೆಂಟರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂದಹಾಗೆ, ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಏಜೆಂಟರು ಕೇಳುವುದು ಅವರ ಕೂಲಿ.

5. ಬೇಗ ತಲುಪಲೆಂದು ಸೀರೆಗಳನ್ನು ಆನ್‌ಲೈನ್ ತಾಣದ ಬೆಂಗಳೂರಿನ ಗೋದಾಮಿನಲ್ಲಿ ಇಡುವುದಾದರೆ ಕರ್ನಾಟಕದಲ್ಲಿ ಬೇರೆ ನೋಂದಣಿ ಬೇಕು. ಮಹಾರಾಷ್ಟ್ರದ ನಂಬರ್ 27ರಿಂದ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಎರಡಾದರೆ ರಿಟರ್ನ್‌ಗಳೂ ಎರಡು ಕಡೆ. ವ್ಯಾಪಾರ ಕುದುರುವವರೆಗೆ ಮನೆಯಿಂದಲೇ ಕಳಿಸಿ.

6. ಉದ್ಯಮ್ ನೋಂದಣಿ ಉಚಿತ, ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ. ಶಾಪ್ ಆಕ್ಟ್‌ನಲ್ಲಿ ಕೆಲಸಗಾರರು ಕೆಲವೇ ಮಂದಿ ಇದ್ದರೆ ಆನ್‌ಲೈನ್ ಸೂಚನೆ ಸಾಕು. ವೃತ್ತಿ ತೆರಿಗೆ ವರ್ಷಕ್ಕೆ 2,500, ಮರೆಯುವವರೇ ಹೆಚ್ಚು. ಸತತ ಆರು ತಿಂಗಳು ರಿಟರ್ನ್ ಹಾಕದಿದ್ದರೆ ಜಿಎಸ್‌ಟಿ ನೋಂದಣಿ ರದ್ದಾಗಬಹುದು. ಮಾರಾಟವಿಲ್ಲದ ತಿಂಗಳಲ್ಲೂ ಸೊನ್ನೆ ರಿಟರ್ನ್ ಹಾಕಿ. ಜೊತೆಗೆ ನಿಫಾಡ್ ಕಡೆಯ ಒಣದ್ರಾಕ್ಷಿಯನ್ನೂ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

7. ಪೈಠಣಿಗೆ ಭೌಗೋಳಿಕ ಗುರುತು (ಜಿಐ) ಇದೆ. ಆ ಗುರುತಿನ ಚೀಟಿ ಅಂಟಿಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ, ನಮ್ಮ ಜಿಎಸ್‌ಟಿ ನಂಬರಿನಿಂದ ಅದು ಬರುವುದಿಲ್ಲ. ವಿದ್ಯುತ್ ಮಗ್ಗದ ಸೀರೆಗಳೂ ಇದೇ ಹೆಸರಿನಲ್ಲಿ ಬರುತ್ತವೆ. ಅದಕ್ಕೇ ಖರೀದಿ ಬಿಲ್ಲಿನ ಮೇಲೆ ‘ಕೈಮಗ್ಗ’ ಎಂದು ಸ್ಪಷ್ಟವಾಗಿ ಬರೆಸಿ. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದರ ಸಂಖ್ಯೆಯನ್ನೂ ಸೇರಿಸಿ. ಅದು ರೇಷ್ಮೆ ಶುದ್ಧವೇ ಎಂಬುದಕ್ಕೆ ಸಾಕ್ಷಿ, ಕೈಯಲ್ಲಿ ನೇಯ್ದದ್ದೇ ಎಂಬುದಕ್ಕಲ್ಲ. ಗಿರಾಕಿಗೆ ಸೀರೆಯ ಫೋಟೊ ಕಳಿಸುವಾಗ ಈ ವ್ಯತ್ಯಾಸವನ್ನು ಜೊತೆಗೇ ಬರೆಯಿರಿ.