ಸೇವಂತಿಗೆಯ ತೋಟಕ್ಕೆ ರಾತ್ರಿ ದೀಪವೇಕೆ?

ಚಿಕ್ಕಬಳ್ಳಾಪುರದ ಸುತ್ತಮುತ್ತ ರಾತ್ರಿಯ ಬಸ್ಸಿನಲ್ಲಿ ಪ್ರಯಾಣ ಮಾಡಿದವರು ಒಂದು ವಿಚಿತ್ರವಾದ ನೋಟವನ್ನು ಕಂಡಿರಬಹುದು. ಹತ್ತಿರದಲ್ಲಿ ಮನೆಯಿಲ್ಲ, ಜಾತ್ರೆಯಿಲ್ಲ. ಬಯಲಿನ ನಡುವೆ ಸಾಲುಸಾಲಾಗಿ ವಿದ್ಯುದ್ದೀಪಗಳು ಉರಿಯುತ್ತಿರುತ್ತವೆ. ಅವುಗಳ ಕೆಳಗಿರುವುದು ಸೇವಂತಿಗೆಯ ತೋಟ. ಗಿಡಗಳು ಬೆಚ್ಚಗಿರಲೆಂದು ದೀಪ ಹಾಕಿದ್ದಾರೆ ಎಂದು ಕೆಲವರೂ, ಬೇಗ ಹೂ ಬಿಡಲೆಂದು ಹಲವರೂ ಹೇಳುವುದುಂಟು. ಎರಡೂ ಸರಿಯಲ್ಲ. ಆ ದೀಪಗಳನ್ನು ಹಾಕಿರುವುದು ಗಿಡ ಹೂ ಬಿಡದಿರಲೆಂದು!

ಇದಕ್ಕೆ ವಿರುದ್ಧವಾದ ದೂರೊಂದನ್ನು ಶಿಡ್ಲಘಟ್ಟದಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ತಂದನು. ಶೀತದೇಶಗಳ ತೋಟಗಳಲ್ಲಿ ಸಾಮಾನ್ಯವಾದ ‘ಯಾರೋ’ ಎಂಬ ಗಿಡದ ಬೀಜವನ್ನು ತರಿಸಿ, ಮನೆಯ ತಾರಸಿಯ ಮೇಲೆ ಎರಡು ಕುಂಡಗಳಲ್ಲಿ ಬೆಳೆಸಿದ್ದನು. ನವಿರಾಗಿ ಸೀಳಿದ ಎಲೆಗಳು ಸೊಂಪಾಗಿ ಬಂದವು. ಹೂ ಮಾತ್ರ ಬರಲಿಲ್ಲ. ಗೊಬ್ಬರವನ್ನು ನಿಲ್ಲಿಸಿದನು, ನೀರನ್ನು ಕಡಿಮೆ ಮಾಡಿದನು, ದಿನವಿಡೀ ಬಿಸಿಲು ಬೀಳುವ ಮೂಲೆಗೆ ಕುಂಡಗಳನ್ನು ಸರಿಸಿದನು. ಪ್ರಯೋಜನವಾಗಲಿಲ್ಲ. ಹೆಸರು ಹಾಗಿದ್ದರೂ ಈ ಗಿಡ ನಮ್ಮ ಸೇವಂತಿಗೆಗೆ ‘ಯಾರೋ’ ಅಲ್ಲ. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ನೆಂಟರು. ಒಂದರ ಹೂವನ್ನು ತಡೆಯುವ ಉಪಾಯವೇ ಇನ್ನೊಂದರ ಹೂವನ್ನು ಬರಿಸುವ ಉಪಾಯವೂ ಆಗಿದೆ ಎಂದರೆ ಅವನು ನಂಬಲಿಲ್ಲ.

ಗಿಡಗಳು ಹಗಲಿರುಳುಗಳ ಅವಧಿಯನ್ನು ಗಮನಿಸುತ್ತವೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್. ವಾಷಿಂಗ್‌ಟನ್ ನಗರದ ಬಳಿ ಅವರು ಬೆಳೆಸುತ್ತಿದ್ದ ಒಂದು ಜಾತಿಯ ಹೊಗೆಸೊಪ್ಪು ಬೇಸಗೆಯಲ್ಲಿ ಆಳೆತ್ತರವನ್ನು ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ದಿನದ ಕೆಲವು ಗಂಟೆ ಅದನ್ನು ಕತ್ತಲೆಯ ಗೂಡಿನಲ್ಲಿಟ್ಟು ಹಗಲನ್ನು ಮೊಟಕುಗೊಳಿಸಿದಾಗ ಹೂ ಬಿಟ್ಟಿತು. 1920ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಲ್ಲಿಂದೀಚೆಗೆ ಸಸ್ಯಗಳನ್ನು ಹ್ರಸ್ವದಿನದವು, ದೀರ್ಘದಿನದವು, ದಿನದ ಅವಧಿಗೆ ಲಕ್ಷ್ಯ ಕೊಡದವು ಎಂದು ವಿಂಗಡಿಸುವುದು ರೂಢಿಯಾಯಿತು. ಸೇವಂತಿಗೆ ಮೊದಲನೆಯ ವರ್ಗಕ್ಕೂ ಯಾರೋ ಎರಡನೆಯದಕ್ಕೂ ಸೇರಿವೆ.

ಆದರೆ ಈ ಹೆಸರುಗಳೇ ನಮ್ಮನ್ನು ದಾರಿ ತಪ್ಪಿಸುತ್ತವೆ. ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕ್ಸಾಂಥಿಯಂ ಎಂಬ ಕಳೆಯ ಮೇಲೆ ಪ್ರಯೋಗ ಮಾಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡ ಅದನ್ನು ಲೆಕ್ಕಿಸಲೇ ಇಲ್ಲ. ದೀರ್ಘವಾದ ಇರುಳಿನ ನಡುವೆ ಸ್ವಲ್ಪ ಬೆಳಕು ತೋರಿದರೆ ಮಾತ್ರ ಹೂವೇ ಬರಲಿಲ್ಲ! ನಡುವೆ ಕಡಿದ ಹಗ್ಗ ಬಾವಿಯ ನೀರಿಗೆ ಎಟುಕುವುದಿಲ್ಲ. ಅಂತೆಯೇ ನಡುವೆ ಕಡಿದ ಇರುಳು ಆ ಗಿಡದ ಪಾಲಿಗೆ ಎರಡು ಗಿಡ್ಡ ಇರುಳುಗಳು.

ಆ ಬೆಳಕನ್ನು ಗ್ರಹಿಸುವುದು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣವಸ್ತು. 1959ರಲ್ಲಿ ಇದರ ಇರವು ಖಚಿತವಾಯಿತು. ಸುಮಾರು 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಇದನ್ನು ಒಂದು ರೂಪಕ್ಕೆ ತಿರುಗಿಸುತ್ತದೆ. 730ರ ಸುಮಾರಿನ, ನಮ್ಮ ಕಣ್ಣಿಗೆ ಕಂಡೂ ಕಾಣದ ಅಂಚಿನ ಕೆಂಪು ಮೊದಲಿನ ರೂಪಕ್ಕೆ ಮರಳಿಸುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಆಕಾಶದಿಂದ ಬರುವ ಸುಮಾರು 9 ಮೀಟರ್ ಉದ್ದದ ಅಲೆಗಳಿಗೆ ಕಿವಿಗೊಟ್ಟಿತು. ಪಕ್ಕದ ಹೊಲದ ಸೇವಂತಿಗೆಯೂ ತನ್ನದೇ ಅಲೆಯುದ್ದಕ್ಕೆ ಶ್ರುತಿಗೂಡಿದ ಗ್ರಾಹಕವೇ. ಎಲೆ ಕಂಡ ಸುದ್ದಿ ತುದಿಗೆ ಹೋಗುವುದು ಹೇಗೆ? 1930ರ ದಶಕದಲ್ಲಿ ರಷ್ಯದ ಚೈಲಖ್ಯಾನ್ ಸೇವಂತಿಗೆಯ ತುದಿಯ ಎಲೆಗಳನ್ನು ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಗಿಡ್ಡ ಹಗಲನ್ನು ಕೊಟ್ಟನು. ದೀರ್ಘ ಹಗಲಿನಲ್ಲಿದ್ದ ತುದಿಯಲ್ಲಿ ಹೂ ಬಂದಿತು. ಎಲೆಯಿಂದ ತುದಿಗೆ ಸಾಗುವ ದೂತ ಒಂದು ಪ್ರೋಟೀನು ಎಂಬುದಕ್ಕೆ ಬೇರೆ ಸಸ್ಯಗಳಲ್ಲಿ ದೃಢವಾದ ಸಾಕ್ಷ್ಯ ದೊರೆತದ್ದು 2007ರಲ್ಲಿ.

ಈಗ ಭೂಗೋಳವನ್ನು ನೋಡೋಣ. ಚಿಕ್ಕಬಳ್ಳಾಪುರ ಸುಮಾರು 13½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘವಾದ ಹಗಲು 12 ಗಂಟೆ 55 ನಿಮಿಷ, ಅತಿ ಗಿಡ್ಡದ್ದು 11 ಗಂಟೆ 20 ನಿಮಿಷ. ಲಂಡನ್ನಿನಲ್ಲಾದರೋ ಜೂನಿನ ಹಗಲು ಹದಿನಾರೂವರೆ ಗಂಟೆಗೂ ಮಿಗಿಲು. ಅಲ್ಲಿ ಯಾರೋ ತಾನಾಗಿ ಅರಳುತ್ತದೆ. ಇಲ್ಲಿ ಅದಕ್ಕೆ ಬೇಕಾದಷ್ಟು ದೀರ್ಘವಾದ ಹಗಲು ಬರುವುದೇ ದುರ್ಲಭ. ಸೇವಂತಿಗೆಯ ಪಾಡು ಬೇರೆ. ಅನೇಕ ತಳಿಗಳಿಗೆ ಮೊಗ್ಗಿನ ಆರಂಭಕ್ಕೆ ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಿದ್ದರೆ ಸಾಕು. ನಮ್ಮಲ್ಲಿ ಅದು ಎಂದೂ ಕಡಿಮೆಯೇ. ಆದ್ದರಿಂದ ಎಳೆಯ ಸಸಿ ಕವಲೊಡೆಯುವ ಮೊದಲೇ ಮೊಗ್ಗು ಕಟ್ಟಲು ಹೊರಡುತ್ತದೆ. ಗೇಣುದ್ದದ ಗಿಡದಲ್ಲಿ ಎಷ್ಟು ಹೂ ಬಂದೀತು?

ಅದಕ್ಕಾಗಿಯೇ ದೀಪ. ರಾತ್ರಿ ಹತ್ತರಿಂದ ಎರಡರವರೆಗೆ, ನಾಲ್ಕು ಗಂಟೆ ಉರಿಸಿದರೆ ಸಾಕಾಗುತ್ತದೆ. ಗಿಡ ಎತ್ತರವಾಗಿ, ಕುಡಿ ಚಿವುಟಿದ ಮೇಲೆ ಕವಲು ತುಂಬಿಕೊಂಡಾಗ ದೀಪವನ್ನು ಆರಿಸುತ್ತಾರೆ. ಅಂದಿನಿಂದ ತಳಿಗನುಸಾರವಾಗಿ ಎಂಟು ಹತ್ತು ವಾರಗಳಲ್ಲಿ ಹೂವು. ವರಮಹಾಲಕ್ಷ್ಮೀ ವ್ರತಕ್ಕೋ ಆಯುಧಪೂಜೆಗೋ ಹಿಂದಿನಿಂದ ಎಣಿಸಿ ಆರಿಸುವ ದಿನವನ್ನು ಗೊತ್ತುಮಾಡುತ್ತಾರೆ. ಲೆಕ್ಕ ಜಾರಿ ಕೊಯ್ಲು ಪಿತೃಪಕ್ಷಕ್ಕೆ ಬಂದರೆ ಕೇಳುವವರಿಲ್ಲ. ಚಿಂತಾಮಣಿಯ ಕಡೆಯ ಬೆಳೆಗಾರರೊಬ್ಬರು ನನಗೆ ಹೇಳಿದರು: “ಟ್ರಾನ್ಸ್‌ಫಾರ್ಮರ್ ಸುಟ್ಟು ಹತ್ತು ದಿನ ಕತ್ತಲಾಯ್ತು ಮೇಷ್ಟ್ರೇ. ಮೊಣಕಾಲೆತ್ತರವೂ ಇಲ್ಲದ ಗಿಡವೆಲ್ಲ ಮೊಗ್ಗು ಕಟ್ಟಿಬಿಟ್ಟವು. ಸಾಲ ಹಾಗೇ ನಿಂತಿತು.” ಗಿಡಕ್ಕೆ ಆ ಹತ್ತು ಇರುಳುಗಳೇ ಸಾಕಾದವು.

ಬೇಕಾದ ಬೆಳಕು ಅತ್ಯಲ್ಪ. ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಇಲ್ಲಿ ನೂರು ಲಕ್ಸ್ ಇದ್ದರೆ ಧಾರಾಳ. ಆದರೆ ಅದು ಎಲ್ಲೆಡೆಯೂ ತಲಪಬೇಕು. ನಮ್ಮ ವಿದ್ಯಾರ್ಥಿಗಳು ವಿಲೋಮ ವರ್ಗ ನಿಯಮವನ್ನು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಅದನ್ನು ಬಳಸಿ ನೋಡಲಿ. ಬರಿಯ ಬಲ್ಬು ತೂಗುವ ಎತ್ತರದಷ್ಟೇ ಪಕ್ಕಕ್ಕೆ ಸರಿದರೆ, ದೂರವೂ ಹೆಚ್ಚಿ ಕಿರಣವೂ ಓರೆಯಾಗಿ, ನೆಲದ ಮೇಲಿನ ಬೆಳಕು ನೇರ ಕೆಳಗಿನದರ ಶೇಕಡಾ 35ಕ್ಕೆ ಇಳಿಯುತ್ತದೆ. ಎತ್ತರದ ಎರಡರಷ್ಟು ಸರಿದರೆ ಶೇಕಡಾ 9. ಬಲ್ಬು ಉಳಿಸಲು ಹೋಗಿ ಅಂತರವನ್ನು ಹಿಗ್ಗಿಸಿದ ತೋಟದಲ್ಲಿ ದೀಪಗಳ ನಡುವಿನ ಗಿಡಗಳು ಮಾತ್ರ ಮೊದಲೇ ಮೊಗ್ಗು ಬಿಡುವುದು ಇದರಿಂದಲೇ.

ನಮ್ಮ ವಿದ್ಯಾರ್ಥಿ ಕಡೆಗೆ ಒಂದು ಕುಂಡದ ಮೇಲೆ ದೀಪ ತೂಗುಹಾಕಿದನು. ಇನ್ನೊಂದನ್ನು ಕತ್ತಲೆಯಲ್ಲಿಯೇ ಬಿಟ್ಟನು. ತಂತಿ ಉರಿಯುವ ಹಳೆಯ ಬಗೆಯ ಬಲ್ಬನ್ನೇ ಹುಡುಕಿಸಿದೆ. ಅದರಲ್ಲಿ ಎರಡು ಬಗೆಯ ಕೆಂಪೂ ಇರುವುದರಿಂದ ಅನೇಕ ದೀರ್ಘದಿನದ ಸಸ್ಯಗಳಿಗೆ ಅದು ಹೆಚ್ಚು ಒಗ್ಗುತ್ತದೆ. ಏಳನೆಯ ವಾರದಲ್ಲಿ ದೀಪದಡಿಯ ಗಿಡದಿಂದ ಹೂದಂಟು ಎದ್ದಿತು. ಇನ್ನೊಂದು ಬರಿಯ ಎಲೆಯಾಗಿಯೇ ಇತ್ತು. ಅವನು ಸಂತೋಷದಿಂದ ಓಡಿಬಂದನು, ಆದರೆ ಹೊಸದೊಂದು ದೂರೂ ಜೊತೆಗಿತ್ತು: ಅದೇ ತಾರಸಿಯಲ್ಲಿದ್ದ ತಾಯಿಯ ಸೇವಂತಿಗೆ ಆ ಸಲ ಮೊಗ್ಗನ್ನೇ ಕಟ್ಟಿರಲಿಲ್ಲ. ಸಂಜೆ ಆರಕ್ಕೆ ಅದರ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಬೆಳಗ್ಗೆ ಆರಕ್ಕೆ ತೆಗೆಯುವಂತೆ ಹೇಳಿ ಕಳುಹಿಸಿದೆ.