ಅಂಗಡಿಕಟ್ಟೆಯ ಮೇಲೆ ಕಲಿತ ಐದು ಪಾಠ

ಬಾಗಲಕೋಟೆ ತಾಲ್ಲೂಕಿನ ಶಿರೂರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ, ಅಪ್ಪನ ಕಾಲದಿಂದ ನಡೆದುಕೊಂಡು ಬಂದದ್ದು. ಶ್ರಾವಣದಲ್ಲಿ ರಾತ್ರಿ ಪುರಾಣ ಕೇಳಿದ ಮಂದಿ ಮರುದಿನ ಕಟ್ಟೆಯ ಮೇಲೆ ಕೂತು ಆತ್ಮದ ಮಾತು ತೆಗೆಯುತ್ತಾರೆ. ಅದು ಎಲ್ಲಿರುತ್ತದೆ, ಸತ್ತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ವಾದ ನಡೆಯುತ್ತದೆ. ಶಾಸ್ತ್ರದ ಉತ್ತರ ನನಗೆ ಗೊತ್ತಿಲ್ಲ. ಬದುಕಿರುವಾಗ ಅದು ನಮ್ಮ ಕೈಯಿಂದ ಏನು ಮಾಡಿಸುತ್ತದೆ ಎಂಬುದನ್ನು ಮಾತ್ರ ಈ ಅಂಗಡಿ ನನಗೆ ದಿನಾ ತೋರಿಸಿದೆ. ಅಷ್ಟನ್ನು ಬರೆಯುತ್ತೇನೆ.

1. ನೋಡಲಾರದವರ ಮುಂದೆ ತೂಕ ಸರಿಯಿರಲಿ

ಮೊದಲು ಮುಳ್ಳಿನ ತಕ್ಕಡಿ ಇತ್ತು, ಈಗ ಕರೆಂಟಿನ ಕಾಟಾ ಇದೆ. ಎಣ್ಣೆಯ ಖಾಲಿ ಡಬ್ಬಿಯನ್ನು ಇಟ್ಟ ಮೇಲೆ ಸೊನ್ನೆಯ ಗುಂಡಿ ಒತ್ತಬೇಕು. ಒತ್ತದಿದ್ದರೆ ಡಬ್ಬಿಯ ತೂಕವೂ ಎಣ್ಣೆಯ ರೇಟಿಗೇ ಹೋಗುತ್ತದೆ. ಕಣ್ಣಲ್ಲಿ ಪೊರೆ ಬಂದ ಮುದುಕಿಗೆ ಆ ಕೆಂಪು ಅಂಕಿ ಕಾಣುವುದಿಲ್ಲ. "ಎಷ್ಟಾತೋ ಯಪ್ಪಾ?" ಎಂದು ಕೇಳುತ್ತಾಳೆ. "ಒಂದು ಕಿಲೋ ಆತು ನೋಡಬೇ ಯವ್ವಾ" ಎನ್ನುವ ಆ ಗಳಿಗೆಯಲ್ಲಿ ಅಂಗಡಿಯಲ್ಲಿ ಸಾಕ್ಷಿ ಇರುವುದು ಒಬ್ಬರೇ, ಅದು ನಾನು. ಆತ್ಮ ಎಂಬುದು ಇದೆ ಎಂದು ನನಗೆ ಖಾತ್ರಿಯಾದದ್ದು ಅಲ್ಲೇ.

2. ಬೇಡ ಎನ್ನುವವರು ಮನೆಯಲ್ಲಿ ಒಬ್ಬರಿರಲಿ

ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇದು ಆಸೆ, ಹೋಗಿ ಅಲ್ಲೇ ಚೆಲ್ಲಿ ಬಾ ಎಂದು ತಿರುಗಿ ಕಳಿಸಿದಳು. ಬಸವಣ್ಣನವರ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಈ ಕಥೆ ಕೇಳದವರು ಇಲ್ಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾಲು ಬರುವುದು ನಿಂತಾಗ ಅದು ನಮ್ಮ ಮನೆಯ ಮಾತಾಯಿತು. ಬೇಳೆಗೆ ಕೇಳಿದಷ್ಟು ಸಿಗುತ್ತಿತ್ತು. "ಹಳೇ ರೇಟಿಗೆ ತಂದದ್ದು, ಹಳೇ ರೇಟಿಗೇ ಕೊಡ್ರಿ" ಎಂದಳು ನನ್ನ ಹೆಂಡತಿ, ಹಾಗೆಯೇ ಮಾರಿದೆವು. ಆಸೆ ಬಂದಾಗ ಒಬ್ಬನೇ ಯೋಚಿಸಬಾರದು. ಒಬ್ಬನೇ ಇದ್ದರೆ ಮನಸ್ಸು ಎಲ್ಲದಕ್ಕೂ ಒಂದು ಕಾರಣ ಹುಡುಕಿಕೊಡುತ್ತದೆ.

3. ಕಾನೂನು ನಿಂತಲ್ಲಿಂದ ನಾವೇ ನಡೆಯಬೇಕು

2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಸ್ವಲ್ಪ ದಿನಕ್ಕೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಎರಡನ್ನೂ ಹರಿದು ಅಂಗೈಯಲ್ಲಿ ಸುರಿದು ಕಲಸಿದರೆ ಮತ್ತೆ ಅದೇ ಗುಟ್ಕಾ. ಅಂದೇ ನಾನು ಎರಡೂ ಮಾಲನ್ನು ಬೇಡವೆಂದೆ. ಇದಕ್ಕೆ ಬಲ ಕೊಟ್ಟವರು ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ. 1975ರಲ್ಲಿ ಜೋಳಿಗೆ ಹಿಡಿದು ಹೊರಟ ಅವರು ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ನಿಮ್ಮ ದುಶ್ಚಟ ಹಾಕಿರಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿಯುವವನು, ಅಗಿಯುವವನು ಆ ಜೋಳಿಗೆಗೆ ಚಟ ಹಾಕಿದರೆ, ಮಾರುವವನು ಅದರಿಂದ ಬರುವ ಲಾಭ ಹಾಕಬೇಕು ಎಂದು ನಾನು ತಿಳಿದೆ. ಗುಟ್ಕಾಕ್ಕೆ ಬೇರೆ ಅಂಗಡಿಗೆ ಹೋದವರು ತಿಂಗಳ ಸಂತೆಯನ್ನೂ ಅಲ್ಲೇ ಮಾಡತೊಡಗಿದರು. ವ್ಯಾಪಾರ ಇಳಿಯಿತು, ನಿಜ. ಏನನ್ನೂ ಕಳೆದುಕೊಳ್ಳದೆ ಮಾಡಿದ ಆಯ್ಕೆಗೆ ಧರ್ಮದ ಹೆಸರು ಕೊಡಲು ನನಗೆ ಮನಸ್ಸು ಬರುವುದಿಲ್ಲ.

4. ಉದ್ರಿ ವಹಿಯಲ್ಲಿ ಮಾನವೂ ಬರೆದಿರುತ್ತದೆ

ಮಳೆ ಕೈಕೊಟ್ಟ ವರ್ಷ ಜೋಳ ಬೆಳೆದವನೇ ಜೋಳವನ್ನು ಉದ್ರಿ ಒಯ್ಯುತ್ತಾನೆ. ಬಾಕಿ ಕೇಳುವುದು ತಪ್ಪಲ್ಲ. ನಾಲ್ಕು ಜನರ ಮುಂದೆ, ಅವನ ಮಗ ಪಕ್ಕದಲ್ಲಿ ನಿಂತಿರುವಾಗ ಕೇಳುವುದು ತಪ್ಪು. ಕಟ್ಟೆ ಖಾಲಿಯಾದ ಮೇಲೆ ಕರೆದು ಮಾತಾಡಿದರೆ ಕೊಡುವವನು ತಾನಾಗಿ ದಾರಿ ಹೇಳುತ್ತಾನೆ. ಕೊಡಲಾಗದವನು ಕನಿಷ್ಠ ಮುಖ ಮರೆಸಿಕೊಂಡು ತಿರುಗುವುದಿಲ್ಲ. ನನ್ನಲ್ಲಿ ಆತ್ಮ ಇದೆ ಎಂದು ನಂಬುವವನು ಬಾಕಿದಾರನಲ್ಲಿಯೂ ಅದು ಇದೆ ಎಂದು ನಂಬಲೇಬೇಕು.

5. ಇದ್ದದ್ದೆಲ್ಲ ಹೋಗಬಹುದು, ನಂಬಿಗೆ ಉಳಿಯಲಿ

ಅಪ್ಪ ಮಾಲು ತರುತ್ತಿದ್ದುದು ಹಳೇ ಬಾಗಲಕೋಟೆಯ ಪೇಟೆಯಿಂದ. ಆಲಮಟ್ಟಿಯ ಹಿನ್ನೀರು ಬಂದು ಆ ಊರಿನ ಎಷ್ಟೋ ಓಣಿ ಮುಳುಗಿದವು, ಜನ ನವನಗರಕ್ಕೆ ಹೋದರು. ಹುಟ್ಟಿದ ಮನೆ, ಕೂತ ಗಾದಿ, ನಡೆದಾಡಿದ ಬೀದಿ ಯಾವುದೂ ಇಲ್ಲವಾದಾಗ ಮನುಷ್ಯ ಏನಾಗಿ ಉಳಿಯುತ್ತಾನೆ? ಅಪ್ಪ ನಂಬಿದ್ದ ವ್ಯಾಪಾರಸ್ಥರು ನವನಗರದಲ್ಲಿ ಹೊಸ ಅಂಗಡಿ ಹಾಕಿದಾಗ, ವಿಳಾಸ ಕೇಳಿಕೊಂಡು ಹಳೇ ಗಿರಾಕಿಗಳು ಅಲ್ಲಿಗೇ ಹೋದರು. ಗೋಡೆ ನೀರಿನಲ್ಲಿ ಉಳಿಯಿತು, ನಡತೆ ಅವರ ಜೊತೆ ಬಂತು. ದೇಹ ಬಿಟ್ಟ ಮೇಲೆ ಏನು ಉಳಿಯುತ್ತದೆಂದು ನಾನು ಹೇಳಲಾರೆ. ಮನೆ ಬಿಟ್ಟ ಮೇಲೆ ಏನು ಉಳಿಯುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಈಗಷ್ಟೇ ವ್ಯಾಪಾರವನ್ನೋ ನೌಕರಿಯನ್ನೋ ಹಿಡಿದ ಹುಡುಗರಿಗೆ ನನ್ನ ಮಾತು ಇಷ್ಟೇ: ಎಷ್ಟೇ ಲಾಭವಿದ್ದರೂ ನಾನು ಮಾಡಲಾರೆ ಎಂಬ ಒಂದು ಕೆಲಸವನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಕಷ್ಟ ಬಂದಾಗ ಗೊತ್ತುಮಾಡುತ್ತೇನೆಂದರೆ ಆಗುವುದಿಲ್ಲ, ಆಗ ಲೆಕ್ಕ ಹಾಕುವುದು ಹೊಟ್ಟೆಯೇ.