ಎಣ್ಣೆ ಬಿಸಿಯಾಗುವ ಮುನ್ನ

ಪುಟ್ಟಿ,

ಪಂಚಕರ್ಮ ವಿಭಾಗದಲ್ಲಿ ಕೆಲಸ ಸಿಕ್ಕಿತು ಅಂತ ನೀನು ಫೋನ್ ಮಾಡಿದಾಗ ಸಂತೋಷವಾಯಿತು. ಒಂದೇ ವಾರಕ್ಕೆ ಹೆಬ್ಬೆರಳು ನೋಯುತ್ತಿದೆ ಅಂದೆಯಲ್ಲ, ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಈ ಕಾಗದ.

ಹೆಬ್ಬೆರಳು ನೋಯುತ್ತಿದೆ ಎಂದರೆ ನೀನು ಬೆರಳಿನ ಬಲದಿಂದ ಒತ್ತುತ್ತಿದ್ದೀಯ. ನಿನ್ನ ಮುತ್ತಜ್ಜಿ ಬಡಕಲು ಹೆಂಗಸು. ಆದರೂ ಊರಿನ ಅರ್ಧ ಬಾಣಂತಿಯರಿಗೆ ಎಣ್ಣೆ ನೀರು ಹಾಕುತ್ತಿದ್ದವಳು ಅವಳೇ. ಬಚ್ಚಲಿನ ಮಣೆಯ ಮೇಲೆ ಬಾಣಂತಿಯನ್ನು ಕೂರಿಸಿ, ಹಿಂದೆ ಮೊಣಕಾಲೂರಿ, ಸೊಂಟದಿಂದ ಮುಂದಕ್ಕೆ ವಾಲುತ್ತಿದ್ದಳು. ಮೈಭಾರವೆಲ್ಲ ತಾನಾಗಿ ಅಂಗೈಗೆ ಇಳಿಯುತ್ತಿತ್ತು. ರೋಗಿಯನ್ನು ಮಲಗಿಸುವ ದ್ರೋಣಿಯ ಪಕ್ಕ ನಿಂತ ನಿನಗೂ ಅದೇ ಲೆಕ್ಕ. ಒಂದು ಪಾದ ಮುಂದಿರಲಿ, ಒಂದು ಹಿಂದಿರಲಿ, ಮಣಿಕಟ್ಟು ಬಾಗದಿರಲಿ. ಬೆರಳಿಗಿಂತ ಅಂಗೈ, ಅಂಗೈಗಿಂತ ಮುಂಗೈ ಹೆಚ್ಚು ದುಡಿಯಲಿ. ದ್ರೋಣಿ ಎತ್ತರವಾಯಿತೆಂದರೆ ಕಾಲಡಿಗೆ ಒಂದು ಮಣೆ ಹಾಕಿಕೋ, ನಾಚಿಕೆ ಬೇಡ. "ಇನ್ನೂ ಜೋರಾಗಿ ಒತ್ತಮ್ಮಾ" ಅನ್ನುವವರು ಬಂದೇ ಬರುತ್ತಾರೆ. ಜೋರು ಬೇಡ, ನಿಧಾನ ಮಾಡು. ನಿಧಾನವಾದ ಕೈ ಆಳಕ್ಕೆ ಹೋಗುತ್ತದೆ. ಬಿಗಿದ ಸ್ನಾಯುವಿನ ಮೇಲೆ ಅವಸರಪಟ್ಟು ಒತ್ತಿದರೆ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ.

ಕೈ ಸಾಗುವ ದಿಕ್ಕಿನ ಮಾತಿಗೆ ಬರುತ್ತೇನೆ. ಕೈಕಾಲಿನ ಮೇಲೆ ಉದ್ದುದ್ದಕ್ಕೆ, ಕೀಲುಗಳ ಮೇಲೆ ಗುಂಡಗೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ. ದೊಡ್ಡ ಕರುಳು ಸಾಗುವ ದಾರಿಯೂ ಅದೇ. ಎಣ್ಣೆ ಹಚ್ಚಿ ನೀವುವ ಅಭ್ಯಂಗದಲ್ಲಿ ಕೈ ರೋಮದ ದಿಕ್ಕಿನಲ್ಲಿ ಹೋಗಬೇಕು, ಪುಡಿ ಹಾಕಿ ಉಜ್ಜುವ ಉದ್ವರ್ತನದಲ್ಲಿ ಅದಕ್ಕೆ ವಿರುದ್ಧ. ಸ್ವೀಡಿಶ್ ಮಸಾಜ್ ಕಲಿತು ಬಂದ ಹುಡುಗಿಯ ಜೊತೆ ದಿಕ್ಕಿನ ವಿಷಯಕ್ಕೆ ವಾದ ಮಾಡಿದೆಯಂತೆ. ಅವಳು ಹೃದಯದ ಕಡೆಗೆ ನೀವುವುದರಲ್ಲಿ ತಪ್ಪೇನಿಲ್ಲ, ಅವರ ಪದ್ಧತಿಯೇ ಹಾಗೆ. (ಹೆಸರು ಸ್ವೀಡಿಶ್ ಆದರೂ ಆ ಹಿಡಿತಗಳನ್ನು ಒಪ್ಪ ಮಾಡಿ ಜೋಡಿಸಿದವನು ಹತ್ತೊಂಬತ್ತನೆಯ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್. ಇದನ್ನು ಅವಳಿಗೆ ಹೇಳು, ಜಗಳ ತಣ್ಣಗಾದೀತು.)

ಸುಶ್ರುತ ಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣನ ಲೆಕ್ಕ ನಿನಗೆ ಪಾಠದಲ್ಲಿ ಬಂದಿರಬೇಕು. ಮಾತ್ರೆ ಎಂಬ ಹಳೆಯ ಕಾಲಮಾನದಲ್ಲಿ 300ಕ್ಕೆ ಎಣ್ಣೆ ರೋಮದ ಬುಡಕ್ಕೆ, 400ಕ್ಕೆ ಚರ್ಮಕ್ಕೆ, ಹೀಗೇ ಇಳಿದು 900ಕ್ಕೆ ಮಜ್ಜೆಗೆ. ಎಣ್ಣೆ ಮಜ್ಜೆಯವರೆಗೆ ಇಳಿಯುತ್ತದೆ ಅಂತ ನಾನು ಯಾವ ರೋಗಿಗೂ ಹೇಳಿದವಳಲ್ಲ. ಆದರೆ ಮುಂದಿನವರು ಹೊರಗೆ ಕಾಯುತ್ತಿದ್ದಾರೆಂದು ಕೈ ಓಡಲು ಶುರುಮಾಡಿದಾಗಲೆಲ್ಲ ಆ ಲೆಕ್ಕ ನನ್ನನ್ನು ತಡೆದಿದೆ.

ಇನ್ನು, ನಾನು ಮಾಡಿದ ಒಂದು ತಪ್ಪನ್ನು ನಿನಗೆ ಹೇಳಲೇಬೇಕು. ನಾನೂ ನಿನ್ನಂತೆ ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಪರೇಷನ್ ಆಗಿ ಎರಡು ವಾರ ಮಲಗಿದ್ದ ಹೆಂಗಸೊಬ್ಬರು ಬಂದರು. ಬಲಗಾಲಿನ ಮೀನಖಂಡ ಊದಿತ್ತು, ಮುಟ್ಟಿದರೆ ಬಿಸಿ. ಎಡಗಾಲು ಸರಿಯಾಗಿಯೇ ಇತ್ತು. ಮಲಗಿ ಮಲಗಿ ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ನೀವಿದರೆ ಇಳಿಯುತ್ತದೆ ಅಂದುಕೊಂಡು ಕೈ ಇಟ್ಟೆ. ತೈಲದ ಸೀಸೆ ತೆಗೆದುಕೊಳ್ಳಲು ಒಳಗೆ ಬಂದ ವೈದ್ಯೆ ನನ್ನ ಕೈ ಹಿಡಿದು ನಿಲ್ಲಿಸಿದರು. ಸ್ಕ್ಯಾನ್ ಮಾಡಿಸಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು. ಉಜ್ಜಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಜೀವವೇ ಹೋಗಬಹುದಿತ್ತು. ಅವತ್ತು ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಅಂದಿನಿಂದ, ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಡುವ ಮೊದಲೇ ನಾನು ಕೇಳುತ್ತಿದ್ದೆ. ಜ್ವರ ಇದೆಯಾ? ತಿಂದದ್ದು ಅರಗಿದೆಯಾ? ಅಜೀರ್ಣದಲ್ಲಿ ಅಭ್ಯಂಗ ಬೇಡವೆಂದು ವಾಗ್ಭಟನೇ ಹೇಳಿದ್ದಾನೆ. ಮುಟ್ಟು ನಿಂತಿದೆಯಾ? ರಕ್ತ ತೆಳುವಾಗಲು ಮಾತ್ರೆ ತಗೊಳ್ತೀರಾ? ಇತ್ತೀಚೆಗೆ ಆಪರೇಷನ್, ಗಾಯ? ಚೀಟಿಯಲ್ಲಿ ಎಲ್ಲ ಬರೆದಿದೆಯಲ್ಲ ಅಂತ ಸುಮ್ಮನಿರಬೇಡ. ವೈದ್ಯರಿಗೆ ಹೇಳದ್ದನ್ನು ಎಷ್ಟೋ ಹೆಂಗಸರು ನಮಗೆ ಹೇಳುತ್ತಾರೆ. ಕೇಳಿದ್ದರಲ್ಲಿ ವೈದ್ಯರಿಗೆ ಬೇಕಾದದ್ದನ್ನು ಅವರಿಗೆ ತಿಳಿಸು. ಉಳಿದದ್ದು ಆ ಕೋಣೆಯಿಂದ ಹೊರಗೆ ಬರಬಾರದು, ನನ್ನ ಮುಂದೆಯೂ ಹೇಳಬೇಡ.

ಮುಟ್ಟುವ ಜಾಗವನ್ನಷ್ಟೇ ತೆರೆ, ಉಳಿದ ಮೈ ಹೊದಿಕೆಯ ಕೆಳಗಿರಲಿ. ಹೊದಿಕೆ ಸರಿಸುವ ಮುನ್ನ ಹೇಳು. "ಬೇಡ" ಅಂದರೆ ಕಾರಣ ಕೇಳಬೇಡ. ಉಗುರು, ಉಂಗುರ, ಬಳೆಯ ವಿಷಯ ನಿನಗೆ ಗೊತ್ತೇ ಇದೆ.

ಮುತ್ತಜ್ಜಿಯನ್ನು ಹೊಗಳಿದೆನೆಂದು ಅವಳು ಮಾಡಿದ್ದೆಲ್ಲ ಮಾಡಬೇಡ. ಕೂಸಿನ ಮೂಗಿಗೂ ಕಿವಿಗೂ ಹರಳೆಣ್ಣೆ ಬಿಡುತ್ತಿದ್ದಳು. ಮೂಗಿಗೆ ಬಿಟ್ಟ ಎಣ್ಣೆ ಕೂಸಿನ ಶ್ವಾಸಕೋಶಕ್ಕೆ ಇಳಿದು ಕಾಯಿಲೆ ತರಬಹುದು. ಸಿಸೇರಿಯನ್ ಆದವರ ಹೊಟ್ಟೆಯನ್ನೂ ವೈದ್ಯರು ಹೇಳುವವರೆಗೆ ಮುಟ್ಟಬೇಡ, ಅತ್ತೆಯಂದಿರು ಎಷ್ಟೇ ಒತ್ತಾಯ ಮಾಡಲಿ.

ಭಾನುವಾರ ರಜೆಯಿದ್ದರೆ ಬಾ. ನನ್ನ ಬೆನ್ನಿನ ಮೇಲೆ ಕೈಯಿಟ್ಟು ತೋರಿಸು, ಹೆಬ್ಬೆರಳು ಎಲ್ಲಿ ಊರುತ್ತೀಯೋ ನೋಡಿ ಹೇಳುತ್ತೇನೆ. ಎಣ್ಣೆ ಹಚ್ಚುವ ಮೊದಲು ಮಾತ್ರ ಕೇಳುವುದನ್ನು ಮರೆಯಬೇಡ. ಹೋದ ತಿಂಗಳಿಂದ ನನಗೆ ಬಿಪಿ ಮಾತ್ರೆ ಶುರುವಾಗಿದೆ.

ನಿನ್ನ
ದೊಡ್ಡಮ್ಮ